ಸೋಮವಾರ ಬೆಳಗ್ಗೆ

ಕೆಂಪಯ್ಯ ಏಳನೆಯ ತೆಂಗಿನಕಾಯಿಯನ್ನೂ ಎಡಗಿವಿಗೆ ಹಿಡಿದು ಅಲ್ಲಾಡಿಸಿದ. ಏನೂ ಇಲ್ಲ. ಬಲಗಿವಿಗೆ ಬದಲಾಯಿಸಿ, ಉಸಿರು ಬಿಗಿಹಿಡಿದು ಮತ್ತೊಮ್ಮೆ ಅಲ್ಲಾಡಿಸಿದ. ದೂರದ ಕೆರೆಯಲ್ಲಿ ಯಾರೋ ಬಟ್ಟೆ ಒಗೆದಂಥ ಮಂಕು ಸದ್ದೊಂದು ಬಂದ ಹಾಗಾಯಿತು. ಅದು ಕಾಯಿಯೊಳಗಿನದೋ ತನ್ನ ತಲೆಯೊಳಗಿನದೋ ಅವನಿಗೆ ತಿಳಿಯಲಿಲ್ಲ. ಹೋದ ವರ್ಷದ ವೈಶಾಖದಿಂದ ಅಟ್ಟದ ಮೇಲೆ ಒಣಗುತ್ತ ಬಿದ್ದಿದ್ದ ನಾಲ್ಕು ಸಾವಿರ ಕಾಯಿಗಳ ನಡುವೆ ಕುಕ್ಕರಗಾಲಲ್ಲಿ ಕೂತು ಅವನು ಬೆವರುತ್ತಿದ್ದ.

"ಏನ್ ಮಾವ, ಬುಟ್ಟೈತಾ?" ಕೆಳಗಿನಿಂದ ಸೊಸೆ ವನಜಾಕ್ಷಿ ಗಂಟಲು ಹರಿಯುವಂತೆ ಕೂಗಿದಳು.

"ಇನ್ನೂ ಇಲ್ಲ ಕಣವ್ವ. ಇನ್ನೆರಡು ವಾರ ಬೇಕು."

ಕೆಳಗಿನವರು ಮಾತಾಡಿದರೋ ಏನೋ, ಅವನಿಗೆ ಕೇಳಿಸಲಿಲ್ಲ.

ಕೊಬ್ಬರಿ ಮಾಡುವುದೆಂದರೆ ಕಾಯುವುದು, ಅಷ್ಟೆ. ಸಿಪ್ಪೆ ಸಮೇತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮರೆತುಬಿಡಬೇಕು. ಒಳಗಿನ ನೀರು ಆರಿದ್ದು ತೂಕದಲ್ಲೇ ತಿಳಿಯುತ್ತದೆ, ಅದಕ್ಕೆ ಜಾಣತನ ಬೇಕಿಲ್ಲ. ಆದರೆ ನೀರಾರಿದ ಮೇಲೂ ತಿರುಳು ಚಿಪ್ಪನ್ನು ಕಚ್ಚಿಕೊಂಡೇ ಇರುತ್ತದೆ. ಅದು ಚಿಪ್ಪು ಬಿಟ್ಟು, ಇಡೀ ಉಂಡೆಯಂಥ ಗಿಟುಕಾಗಿ, ಒಳಗೆ ಲೊಡಲೊಡ ಅನ್ನಬೇಕು. ಮುಂಚೆಯೇ ಸುಲಿಸಿದರೆ ಗಿಟುಕು ಇಡಿಯಾಗಿ ಬರದೆ ಚೂರಾಗುತ್ತದೆ, ತಡಮಾಡಿ ಮಳೆಗೆ ಸಿಕ್ಕಿಸಿದರೆ ಬೂಸಲು ಹಿಡಿಯುತ್ತದೆ. ಒಂದೆರಡು ಒಡೆದು ನೋಡಿದರಾಯಿತು ಅನ್ನುವವರಿದ್ದಾರೆ. ಒಂದು ಬಿಟ್ಟಿತೆಂದು ಅದರ ಪಕ್ಕದ್ದೂ ಬಿಟ್ಟಿರಬೇಕೆಂದೇನೂ ಇಲ್ಲ. ಮೇಲಾಗಿ, ಒಡೆದು ನೋಡುವುದಕ್ಕೆ ಕೆಂಪಯ್ಯನೇ ಬೇಕೆ, ಮಂಗವೂ ನೋಡುತ್ತದೆ. ಅವನು ಮೂಲೆಗೊಂದು, ನಡುವೆ ಎರಡು ಕಾಯಿ ಎತ್ತಿ ಕಿವಿಗೆ ಹಿಡಿದು "ಗುರುವಾರ ಸುಲಿಸು" ಅಂದರೆ ಕಿಬ್ಬನಹಳ್ಳಿ ಸುತ್ತಿನ ಏಳೂರಿನವರು ಗುರುವಾರವೇ ಸುಲಿಸುತ್ತಿದ್ದರು.

ಆ ಕಿವಿ ಸಂಕ್ರಾಂತಿಯಿಂದೀಚೆಗೆ ಕೈಕೊಟ್ಟಿತ್ತು. ಮೊದಲು ಎಡಗಡೆಯದು, ಆಮೇಲೆ ಬಲಗಡೆಯದೂ ಅರ್ಧ. ಕೂಗಿ ಮಾತಾಡಿದರೆ ಸೈ, ಮೆಲ್ಲನೆಯದೆಲ್ಲ ಹೋಗಿತ್ತು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟು ನೋಡಿದ, ಹರಕೆ ಹೊತ್ತು ನೋಡಿದ. ಬಾಯಿಬಿಟ್ಟು ಮಾತ್ರ ಯಾರಿಗೂ ಹೇಳಲಿಲ್ಲ. ಹೇಳಿದರೆ ಆಮೇಲೆ ತಾನು ಯಾರು? ಒಂದೂವರೆ ಎಕರೆ ತೋಟದ ಇನ್ನೊಬ್ಬ ಕೆಂಪಯ್ಯ. ಊರಲ್ಲಿ ಅಂಥವರು ಇನ್ನೂ ಇಬ್ಬರಿದ್ದರು.

ಹೇಳದೆ ಇದ್ದುದರ ಫಲ ಯುಗಾದಿಯ ಆಸುಪಾಸಿನಲ್ಲಿ ಕಾಣಿಸಿತು. ಅರಳಗುಪ್ಪೆಯ ಶ್ರೀರಂಗಯ್ಯ ತಾನೇ ಬಂದು ಅವನನ್ನು ತನ್ನ ಅಟ್ಟಕ್ಕೆ ಕರೆದೊಯ್ದಿದ್ದ. ಕೆಂಪಯ್ಯ ಕಾಯಿ ಅಲ್ಲಾಡಿಸಿದ, ಕೇಳಿಸಲಿಲ್ಲ. ಶ್ರೀರಂಗಯ್ಯನ ಮುಖ ನೋಡಿದ. ಆ ಮುಖದಲ್ಲಿ ಎಷ್ಟು ನಂಬಿಕೆಯಿತ್ತೆಂದರೆ "ಬುಟ್ಟೈತೆ, ಸುಲಿಸು" ಎಂದುಬಿಟ್ಟ. ಅರ್ಧ ಅಟ್ಟ ಸುಲಿಸುವಷ್ಟರಲ್ಲಿ ಬಣ್ಣ ಬಯಲಾಯಿತು, ಹತ್ತಕ್ಕೆ ಆರು ಚೂರು. ಶ್ರೀರಂಗಯ್ಯ ಕೆಂಪಯ್ಯನನ್ನು ಬೈಯಲಿಲ್ಲ. "ಈ ಸಲ ಕಾಲಾನೇ ಸರಿಯಿಲ್ಲ ಬುಡಪ್ಪ" ಎಂದು ಮಳೆಯನ್ನು ಬೈದ. ತನ್ನನ್ನೇ ಬೈದಿದ್ದರೆ ವಾಸಿಯಾಗಿತ್ತು ಎಂದು ಕೆಂಪಯ್ಯನಿಗೆ ಅನ್ನಿಸಿತು. ಹಾಲಿನಲ್ಲಿ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನಂತೆ. ಅವತ್ತಿನಿಂದ ಅವನ ಬಾಯಲ್ಲಿ 'ಬುಟ್ಟೈತೆ' ಎಂಬ ಮಾತೇ ಹೊರಡದಾಯಿತು.

ಇದರ ನಡುವೆ ಮನೆಯಲ್ಲಿ ಮೈಸೂರು ಪ್ರವಾಸದ ಗಲಾಟೆ. ಅಂಗನವಾಡಿಯಲ್ಲಿ ಕೆಲಸ ಮಾಡುವ ವನಜಾಕ್ಷಿಗೆ ಸೋಮವಾರ ಮಂಗಳವಾರ ರಜೆ ಸಿಕ್ಕಿತ್ತು. ಅವಳು ನೋಟುಬುಕ್ಕಿನಲ್ಲಿ ಗೆರೆ ಎಳೆದು, ಹೊತ್ತಿಗೊಂದು ಚೌಕದ ಮನೆ ಮಾಡಿ, ಮೊಬೈಲಿನಲ್ಲಿ ಮಳೆ ಬಿಸಿಲು ನೋಡಿ ನೋಡಿ ತುಂಬಿಸುತ್ತಿದ್ದಳು. ಅಶ್ವಿನಿ ಮಳೆ ಹುಟ್ಟುವುದರೊಳಗೆ ಹೋಗಿಬರಬೇಕು. ಅಲ್ಲಿನ ರಸ್ತೆಬದಿಯ ಮರಗಳು ಎಲೆ ಕಾಣದ ಹಾಗೆ ಹೂ ಬಿಟ್ಟಿವೆಯಂತೆ, ಒಂದು ಜೋರು ಮಳೆ ಬಂದರೆ ಎಲ್ಲ ನೆಲದ ಪಾಲು. ಭಾನುವಾರ ಸಂಜೆ ಅರಮನೆಗೆ ದೀಪ ಹಾಕುತ್ತಾರೆ, ಆದ್ದರಿಂದ ಅವತ್ತು ಬೆಳಗ್ಗೆಯೇ ಹೊರಡುವುದು. ಸೋಮವಾರ ಬಿಸಿಲಿಳಿದ ಮೇಲೆ ಕೆರೆಯಲ್ಲಿ ದೋಣಿ. ಮಂಗಳವಾರ ಬಿಸಿಲೇರುವ ಮುಂಚೆ ಬೆಟ್ಟ.

"ಜೂ ಯಾವತ್ತೇ?" ಎಂದು ಅವಳ ಗಂಡ ದಯಾನಂದ ಕೇಳಿದ್ದ. "ಮಂಗಳವಾರ ಬಾಗ್ಲು ಹಾಕಿರ್ತಾರೆ. ಸೋಮವಾರ ಬೆಳಗ್ಗೆ ತಂಪೊತ್ತಿಗೆ ಹಾಕು."

"ಸೋಮವಾರ ಬೆಳಗ್ಗೆ ಆಗಲ್ಲ ಕಣ್ರೀ" ಎಂದಿದ್ದಳು ವನಜಾಕ್ಷಿ. ಆ ಮನೆಯನ್ನು ಖಾಲಿ ಬಿಟ್ಟಿದ್ದಳು. ಅಷ್ಟು ಅಚ್ಚುಕಟ್ಟಿನ ಹೆಣ್ಣು ತಂಪಾದ ಒಂದು ಹೊತ್ತನ್ನು ಹೀಗೆ ವ್ಯರ್ಥ ಮಾಡುತ್ತಿದ್ದಾಳಲ್ಲ ಎಂದು ಕೆಂಪಯ್ಯನಿಗೂ ಅನ್ನಿಸಿತ್ತು.

ಆದರೆ ಮಳೆ ಮೋಡ ಕಟ್ಟುವ ಕಾಲದಲ್ಲಿ ತುಂಬಿದ ಅಟ್ಟ ಬಿಟ್ಟು, ಬೀಗ ಹಾಕಿ ಊರು ತಿರುಗುವ ಜಾಯಮಾನ ಆ ಕಡೆಯ ಮನೆಗಳದ್ದಲ್ಲ. ಒಂದು ಹಂಚು ಸರಿದರೆ ವರ್ಷದ ದುಡಿಮೆ ನೀರುಪಾಲು. ಹೆಂಡತಿ ನಿಂಗಮ್ಮನ ಮೈಸೂರು ಪ್ರಯಾಣ ಮೂವತ್ತಾರು ವರ್ಷದಿಂದ ಈ ಅಟ್ಟದ ಹಿಂದೆಯೇ ನಿಂತಿತ್ತು. ಅಟ್ಟ ಇಳಿಯಲಿ ಅನ್ನುವಷ್ಟರಲ್ಲಿ ಮಳೆ, ಮಳೆ ನಿಲ್ಲಲಿ ಅನ್ನುವಷ್ಟರಲ್ಲಿ ರಾಗಿ. ಈ ಸಲವಾದರೂ ಅವಳನ್ನು ಕರೆದುಕೊಂಡು ಹೋಗಬೇಕೆಂದು ಕೆಂಪಯ್ಯನಿಗೇ ಎಲ್ಲರಿಗಿಂತ ಹೆಚ್ಚು ಆಸೆಯಿತ್ತು. ಆ ಆಸೆಗೆ ತಾನೇ ದಿನಾ ಮಣ್ಣು ಹಾಕುತ್ತಿದ್ದ.

ಅಟ್ಟದಿಂದ ಇಳಿದಾಗ ಜಗಲಿಯ ಮೇಲೆ ತಿಪಟೂರಿನ ಮುನಾಫ್ ಕಾಫಿ ಕುಡಿಯುತ್ತ ಕೂತಿದ್ದ. ಕಾಯಿ ಸುಲಿಯುವವರ ತಂಡ ಕರೆತರುವವನು ಅವನೇ.

"ಕೆಂಪಣ್ಣ, ನಮ್ಮವರು ನಾಳೆ, ನಾಡಿದ್ದು ಖಾಲಿ ಅವ್ರೆ" ಎಂದು ಅವನು ಜೋರಾಗಿಯೇ ಹೇಳಿದ. "ಶನಿವಾರ ಹುಳಿಯಾರ್ ಕಡೆ ಹೋದ್ರೆ ಹದಿನೈದು ದಿನ ಈ ಕಡೆ ತಲೆ ಹಾಕಲ್ಲ. ಅಷ್ಟೊತ್ಗೆ ಮಳೆ ಹಿಡ್ಕೊಂತದೆ. ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ. ನಿಮ್ಮ ಕಿವಿ ಮೇಲೆ ನಂದೇನೈತೆ?"

"ಇಲ್ಲ ಕಣಪ್ಪ" ಎಂದ ಕೆಂಪಯ್ಯ. "ಇನ್ನೆರಡು ವಾರ."

ಬಾಗಿಲಲ್ಲಿ ನಿಂತಿದ್ದ ವನಜಾಕ್ಷಿ ನೋಟುಬುಕ್ಕು ಮುಚ್ಚಿದಳು. ಅತ್ತೆಯ ಮುಖ ನೋಡಿ, ಅದನ್ನು ಅವಳ ಕೈಗಿಟ್ಟು ಒಳಕ್ಕೆ ಹೋದಳು. ನಿಂಗಮ್ಮ ಹೊಸ್ತಿಲ ಮೇಲೆಯೇ ಕೂತಿದ್ದಳು, ಅವಳ ಕಡೆ ನೋಡಲು ಕೆಂಪಯ್ಯನಿಗೆ ಧೈರ್ಯ ಸಾಲಲಿಲ್ಲ. "ತಡಿ, ಮೂಡಲ ಮೂಲೇದು ಇನ್ನೊಂದ್ಸಲ ನೋಡ್ತೀನಿ" ಎಂದು ಗೊಣಗಿ, ಅಡಗಿಕೊಳ್ಳುವವನಂತೆ ಮತ್ತೆ ಏಣಿ ಹತ್ತಿದ.

ಎಂಟು, ಒಂಬತ್ತು, ಹತ್ತು. ಎಲ್ಲವೂ ಮೂಕ. ಕಾಯಿಯ ಬಾಯಿ ಮುಚ್ಚಿದೆಯೋ, ತನ್ನ ಕಿವಿ ಮುಚ್ಚಿದೆಯೋ? ಹನ್ನೊಂದನೆಯದನ್ನು ಎತ್ತಿದಾಗ ಬಲಗಡೆ ಸೀರೆಯ ಅಂಚು ಕಂಡಿತು. ಮಂಡಿನೋವೆಂದು ಆರು ವರ್ಷದಿಂದ ಅಟ್ಟ ಹತ್ತದಿದ್ದ ನಿಂಗಮ್ಮ ಪಕ್ಕದಲ್ಲಿ ಕೂತು ಏದುಸಿರು ಬಿಡುತ್ತಿದ್ದಳು. ಏಣಿ ಕಿರುಗುಟ್ಟಿದ್ದು ಅವನಿಗೆ ತಿಳಿದೇ ಇರಲಿಲ್ಲ.

"ಕೊಡಿಲ್ಲಿ" ಎಂದು ಕಾಯಿ ಕಸಿದುಕೊಂಡಳು. ಕಿವಿಯ ಹತ್ತಿರಕ್ಕೂ ಒಯ್ಯದೆ, ತೊಡೆಯ ಮೇಲೇ ಒಮ್ಮೆ ಅಲ್ಲಾಡಿಸಿದಳು.

"ಲೊಡಲೊಡ ಅಂತೈತೆ."

"ಏನಂದೆ?"

"ಲೊಡಲೊಡ ಅಂತೈತೆ ಅಂದೆ! ಹದಿನೈದು ದಿನದಿಂದ ಅಂತೈತೆ. ನೀನಿಲ್ಲಿ ಅಲ್ಲಾಡ್ಸಿದ್ರೆ ಕೆಳಗೆ ಒಲೆ ತಾವ ನಂಗೆ ಕೇಳಿಸ್ತದೆ."

ಕೆಂಪಯ್ಯ ಮಣ್ಣು ಗೋಡೆಯ ಕಡೆ ಮುಖ ತಿರುಗಿಸಿದ.

"ಯಾವಾಗಿಂದ ಗೊತ್ತು ನಿಂಗೆ?"

"ಶಿವರಾತ್ರಿಯಿಂದ. ಭಜನೆ ನಿಂತ್ರೂ ನೀನೊಬ್ನೇ ತಾಳ ಹಾಕ್ತಾ ಇದ್ದೆ." ಅವಳಿಗೆ ನಗುವೂ ಬಂತು, ಕಣ್ಣೀರೂ ಬಂತು. "ಅವತ್ತಿಂದ ನಿನ್ನ ಬಲಗಡೇಗೇ ಕೂತ್ಕಂತಿದೀನಿ. ಅದೂ ತಿಳೀಲಿಲ್ವ?"

ತಿಳಿದಿರಲಿಲ್ಲ. ಊಟಕ್ಕೆ ಕೂತಾಗ, ಜಗಲಿಯಲ್ಲಿ, ಸಂತೆಗೆ ನಡೆಯುವಾಗ ಅವಳು ಸುತ್ತಿ ಬಂದು ಬಲಕ್ಕೆ ಸೇರುತ್ತಿದ್ದುದು ಒಂದೊಂದಾಗಿ ಈಗ ನೆನಪಾಯಿತು.

"ಮತ್ತೆ ಕೇಳ್ಲಿಲ್ಲ ಯಾಕೆ?"

"ನೀನೇ ಹೇಳ್ತೀಯ ಅಂತ ಕಾದೆ ಕಣ." ಅವಳು ಸೊಂಟಕ್ಕೆ ಸಿಕ್ಕಿಸಿದ್ದ ನೋಟುಬುಕ್ಕು ತೆಗೆದು ಕೊನೆಯ ಹಾಳೆ ಬಿಡಿಸಿದಳು. ವನಜಾಕ್ಷಿಯ ದುಂಡು ಅಕ್ಷರ: *ಸೋಮವಾರ ಬೆಳಗ್ಗೆ 9.30. ಮಾವನಿಗೆ ಕಿವಿ ಡಾಕ್ಟರು.* ಕೆಳಗೆ ಎರಡು ಗೆರೆ ಎಳೆದಿತ್ತು.

"ಇದು ತಪ್ಪಿದ್ರೆ ಇನ್ನು ಮೂರು ತಿಂಗಳಿಗಂತೆ ದಿನ ಸಿಗಾದು. ತಡ ಮಾಡ್ದಷ್ಟೂ ಕೇಳ್ಸಾದು ಕಮ್ಮಿಯಾಗ್ತಾ ಹೋಯ್ತದಂತೆ. ಆ ಹುಡುಗಿ ಹತ್ತು ಸಲ ಫೋನು ಮಾಡಿ ಹಿಡ್ದವಳೆ. ಕಿವಿ ತೋರ್ಸಕ್ಕೆ ಬಾ ಅಂದ್ರೆ ನೀನು ಬತ್ತಿದ್ಯಾ? ಅದಕ್ಕೇ ಅರಮನೆ ಮುಂದಿಟ್ಕಂಡ್ವಿ." ಆಮೇಲೆ ಸೇರಿಸಿದಳು, "ಅರಮನೇನೂ ನೋಡ್ತೀನಿ. ಅದು ಬೇರೆ ಮಾತು."

ಕೆಂಪಯ್ಯ ಹಾಳೆಯನ್ನು ಎರಡು ಸಲ ಓದಿದ. ನಾಚಿಕೆಯೂ ಆಯಿತು, ಎದೆ ಹಗುರವೂ ಆಯಿತು. ಯಾವುದು ಹೆಚ್ಚೆಂದು ಹೇಳುವಂತಿರಲಿಲ್ಲ. ಟವಲಿನಿಂದ ಮುಖ ಒರೆಸಿಕೊಂಡು, ಹೆಂಡತಿಯ ಕೈ ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿದ.

ಮುನಾಫ್ ಬೈಕು ತಿರುಗಿಸುತ್ತಿದ್ದ.

"ಮುನಾಫ, ನಾಳೆ ಕರ್ಕಂಬಾ."

"ಈಗ ತಾನೆ ಎರಡು ವಾರ ಅಂದ್ರಲ್ಲ?"

"ನಂಗೆ ಕೇಳ್ಸಲ್ಲ ಕಣಪ್ಪ. ಬುಟ್ಟೈತೆ ಅಂತ ನಿಂಗಿ ಹೇಳಿದ್ಲು." ಉಳಿದದ್ದನ್ನೂ ಹೇಳಿಬಿಡಬೇಕಿತ್ತು. "ಶ್ರೀರಂಗಯ್ಯನ ಅಟ್ಟದಲ್ಲೂ ಕೇಳಿಸಿರ್ಲಿಲ್ಲ. ಸುಮ್ಮನೆ ಅಂದ್ಬುಟ್ಟೆ."

ಮುನಾಫ್ ಬೈಕು ನಿಲ್ಲಿಸಿ ಇಳಿದ. ನಿಂಗಮ್ಮನ ಕೈಯಲ್ಲಿದ್ದ ಕಾಯಿ ಇಸಿದುಕೊಂಡು ಅಲ್ಲಾಡಿಸಿದ. "ಅಲ್ಲಾ, ಇದು ಊರಿಗೇ ಕೇಳೋ ಹಂಗೈತಲ್ಲ" ಎಂದವನು, ಅಂದದ್ದು ಏನೆಂದು ಹೊಳೆದು, ತಲೆ ತಗ್ಗಿಸಿದ.

ಗುರುವಾರ, ಶುಕ್ರವಾರ ಅಂಗಳದ ತುಂಬ ಸಿಪ್ಪೆ. ಗಿಟುಕುಗಳು ಇಡಿಯಾಗಿ ಉರುಳಿ ಬಂದವು. ಕಾಯಿ ಆರಿಸುವ ಕೆಲಸ ಈ ಸಲ ನಿಂಗಮ್ಮನದು. ಅವಳು ಕಿವಿಗೆ ಹಿಡಿದು "ಹಾಕು" ಅಂದರೆ ಮುನಾಫನ ಆಳುಗಳು ಸುಲಿಯಲು ಹಾಕುತ್ತಿದ್ದರು. ಕೆಂಪಯ್ಯ ಪಕ್ಕದಲ್ಲಿ ಕೂತು ಚೀಲ ಹೊಲಿದ. ಬಂದವರೆಲ್ಲ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿ ಎರಡು ಸಲ ಬೆರಳು ಚುಚ್ಚಿಕೊಂಡ.

ಶನಿವಾರ ಸಂಜೆ ದಯಾನಂದನ ಬೈಕಿನಲ್ಲಿ ಅರಳಗುಪ್ಪೆಗೆ ಹೋದ. ಶ್ರೀರಂಗಯ್ಯ ಹಸುವಿಗೆ ಹುಲ್ಲು ಹಾಕುತ್ತಿದ್ದ. ಕೆಂಪಯ್ಯ ಒಪ್ಪಿಕೊಂಡದ್ದನ್ನೆಲ್ಲ ನಿಂತಲ್ಲೇ ಕೇಳಿಸಿಕೊಂಡ. ಕೇಳುತ್ತ ಕೇಳುತ್ತ ಮುಖ ಕೆಂಪಾಯಿತು.

"ಕಿವಿ ಹೋದ್ರೆ ಬಾಯಿ ಇರ್ಲಿಲ್ವೇನಯ್ಯ ನಿಂಗೆ?" ಎಂದು ಕೂಗಿದ. "ಕೇಳಿಸ್ತಿಲ್ಲ ಅಂತ ಒಂದು ಮಾತು ಹೇಳಕೇನಾಗಿತ್ತು? ಎರಡು ಸಾವಿರ ಕಾಯಿ ಕಣಯ್ಯ! ಮಳೇನ ಬೈಕಂಡು ತಿರುಗ್ತಿದ್ನಲ್ಲ ನಾನು!"

ಕೆಂಪಯ್ಯ ಕೈ ಕಟ್ಟಿ ನಿಂತಿದ್ದ. ಪ್ರತಿಯೊಂದು ಮಾತೂ ಸ್ಪಷ್ಟವಾಗಿ ಕೇಳಿಸಿತು. ಶ್ರೀರಂಗಯ್ಯ ಒಳಗೆ ಹೋದವನು ಬಹಳ ಹೊತ್ತು ಬರಲಿಲ್ಲ. ಇನ್ನು ಹೊರಡೋಣವೆಂದು ದಯಾನಂದ ಬೈಕು ಹತ್ತಿದಾಗ, ತಲೆಯ ತುಂಬ ಅಟ್ಟದ ಧೂಳು ಮೆತ್ತಿಕೊಂಡು ಹೊರಗೆ ಬಂದು ಒಂದು ಕಾಯಿಯನ್ನು ಕೆಂಪಯ್ಯನ ಕೈಗೆ ತುರುಕಿದ.

"ಉಳಿದರ್ಧ ಅಟ್ಟ ಹಂಗೇ ಐತೆ. ಕಿವಿ ಸರಿ ಮಾಡಿಸ್ಕಂಡು ಬಂದು ನೀನೇ ಹೇಳು. ಅಲ್ಲೀತಂಕ ನಾನು ಸುಲಿಸಾಕಿಲ್ಲ."

"ಮಳೆ ಬತ್ತದೆ ಕಣಯ್ಯ. ಬೇರೆಯೋರ ಕೈಲಿ..."

"ಬಂದ್ರೆ ಬರ್ಲಿ."

ವಾಪಸ್ಸು ಬರುವಾಗ ದಾರಿಯಲ್ಲೇ ನಾಲ್ಕು ದಪ್ಪ ಹನಿ ಬಿದ್ದವು.

ಭಾನುವಾರ ಬೆಳಗ್ಗೆ ಕಿಬ್ಬನಹಳ್ಳಿ ಕ್ರಾಸಿನಲ್ಲಿ ನೆಲ ಹಸಿಯಾಗಿತ್ತು. ಅರಸೀಕೆರೆಗೆ ಬಸ್ಸು, ಅಲ್ಲಿಂದ ರೈಲು. ವನಜಾಕ್ಷಿ ಗಳಿಗೆಗೊಮ್ಮೆ ಮೊಬೈಲು ನೋಡುತ್ತಿದ್ದಳು. "ಮೈಸೂರಲ್ಲೂ ರಾತ್ರಿ ಮಳೆಯಂತೆ ಅತ್ತೆ. ಹೂವೆಲ್ಲ ಉದುರೋಯ್ತೋ ಏನೋ" ಎಂದು ಪೇಚಾಡಿದಳು. "ಉದುರಿದ್ದನ್ನೇ ನೋಡಾನ ಬುಡು" ಎಂದಳು ನಿಂಗಮ್ಮ. ಗಂಡನ ಚೀಲ ಎತ್ತಿ ಸರಿಸಿದವಳು ಭಾರಕ್ಕೆ ಬೆರಗಾಗಿ ಒಳಗೆ ಕೈಹಾಕಿದಳು. ಪಂಚೆ ಟವಲುಗಳ ನಡುವೆ, ಹಳೇ ಪೇಪರಿನಲ್ಲಿ ಸುತ್ತಿದ ಶ್ರೀರಂಗಯ್ಯನ ಕಾಯಿ.

"ಇದ್ಯಾಕೆ ಮೈಸೂರಿಗೆ?" ಎಂದು ಕೇಳಿದಳು.

ಕೆಂಪಯ್ಯ ಅದನ್ನು ಅವಳ ಕೈಯಿಂದ ತೆಗೆದುಕೊಂಡ. ಬಸ್ಸು ಬಂತು. ಅವನು ಬಲಗಡೆಯ ಕಿಟಕಿ ಪಕ್ಕ ಕೂತು ಕಾಯಿಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಅದರ ಮೇಲಿದ್ದ ಎರಡೂ ಕೈ ಬಿಗಿಯಾಗುತ್ತಿದ್ದವು. ಎಡಗಡೆ ಕೂತಿದ್ದ ನಿಂಗಮ್ಮ ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ಎದ್ದು, ಅವನನ್ನು ಈಚೆಗೆ ಸರಿಸಿ, ತಾನು ಅವನ ಬಲಕ್ಕೆ, ಕಿಟಕಿಯ ಪಕ್ಕಕ್ಕೆ ಹೋಗಿ ಕೂತಳು.