ಹಂಡೆರಾಯನ ಸುತ್ತ ನಡೆದವರು

ಗುಬ್ಬಿಯ ಮಾಲಿನಿಗೆ ಹೆಸರು ಬಂದದ್ದು ಒಂದು ಕೋಳಿಯಿಂದ. ಇದು ಅವಳೊಬ್ಬಳಿಗೆ ಗೊತ್ತಿದ್ದ ಗುಟ್ಟು. ಹೊರಗೆ ಬಂದರೆ ಮಾನ ಹೋಗುತ್ತದೆ ಎಂದು ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಳು.

ಅವಳು ಮಾಡುವ ಕೆಲಸವನ್ನು ಮೊದಲು ಹೇಳಿಬಿಡಬೇಕು. ಇಲ್ಲದಿದ್ದರೆ ಕೇಳಿದವರು ಇವಳಿಗೆ ತಲೆ ಸರಿಯಿದೆಯಾ ಅನ್ನುತ್ತಾರೆ. ಹೇಳಿದ ಮೇಲೂ ಅನ್ನುತ್ತಾರೆ, ಆ ಮಾತು ಬೇರೆ. ಬೆಳಿಗ್ಗೆ ಎದ್ದು ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡುತ್ತಾಳೆ. ಬೀದಿಯಲ್ಲಿ ಎಲ್ಲರ ಮನೆ ಮುಂದೆ ತಾವರೆ, ನವಿಲು, ದೀಪ. ಇವಳ ಮನೆ ಮುಂದೆ ಮಾತ್ರ ತಲೆಯ ಜಾಗದಲ್ಲಿ ನೀರು ಕಾಯಿಸುವ ಹಂಡೆ ಇಟ್ಟುಕೊಂಡ ಒಬ್ಬ ರಾಜ. ಹೆಸರು ಹಂಡೆರಾಯ. ಅವನ ಮುಚ್ಚಳ ಕಳೆದುಹೋಗಿದೆ, ಹುಡುಕಿಕೊಂಡು ಹೊರಟಿದ್ದಾನೆ. ಸಜ್ಜಾಕ್ಕೆ ಕಟ್ಟಿದ ಗಳುವಿನ ತುದಿಯಲ್ಲಿ ಫೋನು ಬೋರಲಾಗಿ ನೋಡುತ್ತಿರುತ್ತದೆ. ಒಂದು ಫೋಟೋ ತೆಗೆ, ರಾಜನ ಕಾಲನ್ನು ಒದ್ದೆ ಬಟ್ಟೆಯಲ್ಲಿ ಒರೆಸು, ಬೆರಳಗಲ ಮುಂದಕ್ಕೆ ಬರೆ, ಮತ್ತೆ ಫೋಟೋ. ಹೀಗೆ ಬೆಳಗೆಲ್ಲ ಸೊಂಟ ಮುರಿದುಕೊಂಡು, ಆ ಫೋಟೋಗಳನ್ನು ಒಂದರ ಹಿಂದೊಂದು ಓಡಿಸಿದರೆ ರಾಜ ಅಂಗಳದ ಆ ಮೂಲೆಯಿಂದ ಈ ಮೂಲೆಗೆ ಬಂದು ಸೇರುತ್ತಾನೆ.

ಆಮೇಲೆ ಹಾಡು. ಅವಳ ಅಜ್ಜ ನಾಟಕದ ಕಂಪನಿಯಲ್ಲಿ ನುಡಿಸುತ್ತಿದ್ದ ಕಾಲು ಹಾರ್ಮೋನಿಯಂ ಇನ್ನೂ ನಡುಮನೆಯಲ್ಲಿದೆ. ಅದನ್ನು ತುಳಿಯುತ್ತಾ, ಉಪ್ಪಿನಕಾಯಿಗೆ ಜ್ವರ ಬಂದಿದೆ, ಚಂದ್ರನಿಗೆ ಹೇಳಿ ಕಳಿಸಿ ಎಂದು ಕರುಳು ಕಿತ್ತು ಬರುವ ಹಾಗೆ ಹಾಡುತ್ತಾಳೆ. ಇದಕ್ಕೆಲ್ಲ ಅರ್ಥವೇನೆಂದು ಅವಳನ್ನೇ ಕೇಳಿದರೆ ಗೊತ್ತಿಲ್ಲ. ನಿಜವಾಗಿಯೂ ಗೊತ್ತಿಲ್ಲ. ಬಂದದ್ದನ್ನು ಬರೆಯುತ್ತಾಳೆ, ಅಷ್ಟೆ.

ರಂಗೋಲಿಗೆ ಅಂಗಡಿಯ ಬಿಳಿ ಪುಡಿ ತರಲು ತಾಯಿ ಕಲ್ಲಮ್ಮ ಬಿಡಲಿಲ್ಲ. ಅಕ್ಕಿ ಹಿಟ್ಟೇ ಆಗಬೇಕು. "ಕಲ್ಲುಪುಡಿ ಹಾಕುದ್ರೆ ಇರುವೆ ಏನ್ ತಿನ್ನುತ್ತೆ? ನಿನ್ ಸಿನಿಮಾ ತಿನ್ನುತ್ತಾ?" ಎಂದಳು. ಹಾಗಾಗಿ ಹಂಡೆರಾಯ ಅಪ್ಪಟ ಅಕ್ಕಿ ಹಿಟ್ಟಿನ ರಾಜ. ಮಧ್ಯಾಹ್ನದ ಹೊತ್ತಿಗೆ ಇರುವೆಗಳು ಅವನ ಕಿರೀಟವಿಲ್ಲದ ತಲೆಯನ್ನು ಹೊತ್ತುಕೊಂಡು ಹೋಗಿರುತ್ತಿದ್ದವು.

ಮೊದಲ ಮೂರು ಹಾಡುಗಳನ್ನು ಯೂಟ್ಯೂಬಿಗೆ ಹಾಕಿದಾಗ ನಾಯಿಯೂ ಮೂಸಿ ನೋಡಲಿಲ್ಲ. ನಾಲ್ಕನೆಯದಕ್ಕೆ ಕೂರುವ ಹೊತ್ತಿಗೆ ಇನ್ನೊಂದು ಪೆಟ್ಟು ಬಿದ್ದಿತ್ತು. ಸಂಗೀತದ ಟೀಚರ್ ಇನ್ನು ಬೇಡ ಎಂದು ಅವಳು ಕೆಲಸ ಮಾಡುತ್ತಿದ್ದ ಶಾಲೆಯಿಂದ ಹಿಂದಿನ ಸಂಜೆಯಷ್ಟೇ ಫೋನು ಬಂದಿತ್ತು. ಬೆಳಿಗ್ಗೆ ಎದ್ದು, ಹಂಡೆರಾಯ ಬಾವಿಯ ಪಕ್ಕ ಸೋತು ಕುಕ್ಕರಗಾಲಲ್ಲಿ ಕೂತ ಹಾಗೆ ಒಂದು ಚಿತ್ರ ಬರೆದಳು. ಅಷ್ಟಕ್ಕೇ ಕೈ ಸೋತಿತು. ಜಗುಲಿಯ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಒಳಗೆ ಹೋಗಿ ಮುಖ ತೊಳೆದುಕೊಂಡು ಬರುವಷ್ಟರಲ್ಲಿ ಪಕ್ಕದ ಮನೆ ಹಜರಾ ಬೀಯ ಕೋಳಿ ಗೋಡೆ ಹಾರಿ ಬಂದು, ಚಿತ್ರದ ಬಾವಿಯ ಹಿಟ್ಟು ಕುಕ್ಕಿ, ರಾಜನ ಸುತ್ತ ಒಂದು ಸುತ್ತು ಹಾಕಿ, ನೆಲದ ತುಂಬ ಬಿಳಿ ಕಾಲು ಒತ್ತಿ ಹೋಗಿತ್ತು.

ಪೊರಕೆ ತಗೊಂಡವಳು ಯಾಕೋ ನಿಂತಳು. ಇರಲಿ ಎಂದು ಒಂದು ಫೋಟೋ ತೆಗೆದಳು. ಕೊನೆಯ ಗುರುತನ್ನು ಒರೆಸಿ ಇನ್ನೊಂದು ತೆಗೆದಳು. ಹೀಗೆ ಒಂದೊಂದೇ ಒರೆಸುತ್ತ ಹೋಗಿ, ಸಂಜೆ ಆ ಫೋಟೋಗಳನ್ನೆಲ್ಲ ಹಿಂದುಮುಂದು ಮಾಡಿ ಓಡಿಸಿದಾಗ ಮೈ ಜುಮ್ಮೆಂದಿತು. ಯಾರೂ ಕಾಣುವುದಿಲ್ಲ. ಬರೀ ಮೂರು ಬೆರಳಿನ ಹೆಜ್ಜೆಗಳು ಮೂಡುತ್ತಾ ಬರುತ್ತವೆ, ಸೋತು ಕೂತವನನ್ನು ಒಂದು ಸುತ್ತು ಹಾಕುತ್ತವೆ, ಹೊರಟುಹೋಗುತ್ತವೆ.

ಅದಕ್ಕೊಂದು ಹಾಡು ಸೇರಿಸಿ ಯೂಟ್ಯೂಬಿಗೆ ಹಾಕಿದ್ದೇ ಜನ ಮುಗಿಬಿದ್ದರು. ತುಮಕೂರಿನ ಶೆಟ್ಟಿಹಳ್ಳಿಯಲ್ಲಿರುವ ನಿವೃತ್ತ ಲೆಕ್ಚರರ್ ಸೋಮಶೇಖರ್, ಮೂರು ಬೆರಳೆಂದರೆ ವಿಭೂತಿಯ ಮೂರು ಗೆರೆ, ಖಾಲಿ ಹಂಡೆಯೆಂದರೆ ಶೂನ್ಯ ಎಂದು ಕಾಮೆಂಟಿನಲ್ಲಿ ಒಂದು ಪ್ರಬಂಧವನ್ನೇ ಇಳಿಸಿದರು. ಮಾರ್ಕೋನಹಳ್ಳಿ ಕಡೆಯ ಚನ್ನೇಶ್ ಎಂಬ ರೈತ, "ಸಾರ್, ಇದು ನೀರಿನ ಕಥೆ. ಹಂಡೆ ಖಾಲಿ, ಬಾವಿ ಖಾಲಿ. ನಾಲೆಗೆ ನೀರು ಬಿಡ್ಲಿ, ಎಲ್ಲಾ ಸರಿಹೋಗುತ್ತೆ" ಎಂದು ಬರೆದ. ಇಬ್ಬರೂ ಜಗಳವಾಡುತ್ತಲೇ ಸ್ನೇಹಿತರಾದರು. ಇನ್ಯಾರೋ ನಾಲ್ಕು ಜನ ಹುಡುಗರು ಅವು ಹೆಜ್ಜೆಗಳಲ್ಲ, ಬಾಣದ ಗುರುತು ಎಂದು ಮ್ಯಾಪಿನ ಮೇಲೆ ಗೆರೆ ಎಳೆದರು. ಗೆರೆ ದೇವರಾಯನದುರ್ಗಕ್ಕೆ ಹೋಯಿತು. ಬೈಕು ಹತ್ತಿ ಅಲ್ಲಿಗೂ ಹೋಗಿ, ಮುಚ್ಚಳ ಸಿಗದೆ, ದೇವರ ದರ್ಶನ ಮಾಡಿ ಪುಳಿಯೋಗರೆ ತಿಂದು ವಾಪಸು ಬಂದರು.

ಇವನ್ನೆಲ್ಲ ಓದಿ ಮಾಲಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತದ್ದು ಮಧುಶ್ರೀಯ ವಿಡಿಯೋ ನೋಡಿದಾಗ.

ಮಧುಶ್ರೀ ಕುಣಿಗಲ್ಲಿನ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಮಾಡುವ ಹುಡುಗಿ. ತಾಯಿ ತೀರಿಕೊಂಡು ವರ್ಷ ತುಂಬಿರಲಿಲ್ಲ. ಔಷಧದ ಡಬ್ಬಗಳ ಮುಂದೆ ನಿಂತು ಅವಳು ಮಾತಾಡಿದ್ದು ಇಷ್ಟೆ: "ಆ ಹೆಜ್ಜೆ ಯಾರ್ದು ಅಂತ ಎಲ್ರೂ ಕೇಳ್ತಾವ್ರೆ. ನಂಗೆ ಅನ್ಸೋದು, ಅದು ನಮ್ಮನ್ನ ಕಂಡ್ರೆ ಆಗೋರು ಯಾರೋ. ನಾವು ಸೋತು ಕೂತಿದ್ದಾಗ ಬಂದು ನೋಡ್ಕೊಂಡು ಹೋಗ್ತಾರೆ. ಮುಖ ತೋರ್ಸಲ್ಲ, ಯಾಕಂದ್ರೆ ತೋರ್ಸುದ್ರೆ ನಾವು ಇನ್ನೂ ಅಳ್ತೀವಿ. ನಮ್ಮವ್ವ ಹಂಗೇ ಬಂದು ಹೋಗ್ತಾಳೆ ಅಂದ್ಕೊಂಡು ದಿನಾ ಇದನ್ನ ನೋಡ್ಕೊಂಡು ಮಲಗ್ತೀನಿ. ನಿದ್ದೆ ಬರುತ್ತೆ."

ಅಯ್ಯೋ ಶಿವನೇ, ಈ ಮಗುವಿಗೆ ಏನೆಂದು ಹೇಳುವುದು? ನಿನ್ನವ್ವ ಅಂದುಕೊಂಡದ್ದು ಹಿಟ್ಟು ತಿನ್ನಲು ಬಂದ ಕೋಳಿ ಕಣಮ್ಮ ಎನ್ನುವುದೇ? ಮಾಲಿನಿಗೆ ಅನ್ನ ಸೇರದೆ ಹೋಯಿತು. ತಾನು ಬರೆಯದ ಹೆಜ್ಜೆಗೆ ಹೊಗಳಿಕೆ ತೆಗೆದುಕೊಳ್ಳುತ್ತಿದ್ದೇನೆ ಎಂಬ ನಾಚಿಕೆ ಹೇಗೋ ತಡೆದುಕೊಳ್ಳುವಂಥದ್ದು. ಈ ಹುಡುಗಿಯ ನಿದ್ದೆ ಕಳೆಯುವುದು ಮಾತ್ರ ಅವಳ ಕೈಲಿ ಆಗುವ ಕೆಲಸವಾಗಿರಲಿಲ್ಲ.

ಅಷ್ಟರಲ್ಲಿ ಮಧುಶ್ರೀಯದೇ ಮೆಸೇಜು ಬಂತು. ಅಕ್ಕ, ಭಾನುವಾರ ಗುಬ್ಬಿಗೆ ಬರ್ತೀವಿ, ಸೋಮಶೇಖರ್ ಸರ್ ಮತ್ತು ಚನ್ನೇಶಣ್ಣನೂ ಬರ್ತಾರೆ, ನಿಮ್ಮನ್ನ ಒಂದೇ ಒಂದು ಮಾತು ಕೇಳಬೇಕು ಎಂದು. ಕಲ್ಲಮ್ಮ ಮೆಸೇಜು ಓದಿಸಿ ಕೇಳಿ, ಬರಲಿ, ಹೋಳಿಗೆ ಮಾಡ್ತೀನಿ ಎಂದುಬಿಟ್ಟಳು.

ಭಾನುವಾರ ಬೆಳಿಗ್ಗೆ ಮಾಲಿನಿ ಗೋಡೆಯ ಹತ್ತಿರ ಹೋಗಿ ಹಜರಾ ಬೀಯನ್ನು ಕರೆದಳು. ಗಂಡ ಹೋದ ಮೇಲೆ ನಾಲ್ಕು ಕೋಳಿ, ಒಂದು ಹೊಲಿಗೆ ಮಿಷನ್ ಇಟ್ಟುಕೊಂಡು ಠೀವಿಯಿಂದ ಬದುಕುತ್ತಿದ್ದ ಹೆಂಗಸು. ಮಾತು ಗೋಡೆಯ ಮೇಲೆಯೇ ಆಗಬೇಕು, ಕರಿಬೇವು, ಕೊತ್ತಂಬರಿ, ಹಬ್ಬದ ಶಾವಿಗೆ ಎಲ್ಲವೂ ಗೋಡೆಯ ಮೇಲಿಂದಲೇ ಓಡಾಡಬೇಕು, ಆ ಎರಡು ಮನೆಗಳ ರೂಢಿ ಹಾಗೆ.

"ಹಜರಮ್ಮ, ಇವತ್ತು ಮಧ್ಯಾಹ್ನದವರ್ಗೂ ಕೋಳಿ ಬಿಡ್ಬೇಡಿ."

"ಯಾಕ್ ಮಗಾ? ಏನ್ ಮಾಡ್ತು?"

ನಿಜ ಹೇಳಲು ಬಾಯಿ ಬರಲಿಲ್ಲ. "ನೆಂಟ್ರು ಬರ್ತಾವ್ರೆ. ಸ್ವಲ್ಪ ಮಡಿ ಜನ," ಎಂದುಬಿಟ್ಟಳು.

ಹಜರಾ ಬೀಯ ಮುಖ ಸಣ್ಣದಾಯಿತು. "ಆಯ್ತು ಬುಡು," ಎಂದವಳೇ ಕೋಳಿಗಳನ್ನು ಒಟ್ಟುಮಾಡಿ, ಅವುಗಳ ಮೇಲೆ ಬಿದಿರು ಬುಟ್ಟಿಯ ಮಂಕರಿ ಕವುಚಿ, ಅದರ ಮೇಲೊಂದು ಇಟ್ಟಿಗೆ ಇಟ್ಟು ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು. ಹಗಲು ಹೊತ್ತಿನಲ್ಲಿ ಆ ಬಾಗಿಲು ಹಾಕಿದ್ದನ್ನು ಮಾಲಿನಿ ನೋಡಿಯೇ ಇರಲಿಲ್ಲ. ನಾಲಿಗೆ ಕಚ್ಚಿಕೊಂಡಳು, ಆದರೆ ಅಷ್ಟರಲ್ಲಿ ಬೀದಿಯಲ್ಲಿ ಆಟೋ ನಿಂತ ಸದ್ದಾಯಿತು.

ಬಂದವರು ಒಳ್ಳೆಯ ಜನ. ಸೋಮಶೇಖರ್ ಅಂಗಳದ ಹಂಡೆರಾಯನನ್ನು ಕಂಡದ್ದೇ ಚಪ್ಪಲಿ ಬಿಚ್ಚಿ ನಿಂತರು. ಚನ್ನೇಶ್ ಒಂದು ಚೀಲ ಎಳನೀರು ತಂದಿದ್ದ. "ಮೇಡಂ, ಒಂದ್ ಮಾತಲ್ಲಿ ಹೇಳ್ಬುಡಿ. ನೀರೋ, ಶೂನ್ಯನೋ? ಬಸ್ಸಲ್ಲಿ ಪೂರ್ತಿ ಇದೇ ಗಲಾಟೆ," ಎಂದ. ಕಲ್ಲಮ್ಮ, ಹಂಡೆ ನಮ್ಮ ಬಚ್ಚಲಮನೆಯದು, ಬೇಕಾದರೆ ನೋಡಿ ಎಂದು ಇಬ್ಬರನ್ನೂ ಕರೆದುಕೊಂಡು ಹೋಗಿ ತೋರಿಸಿದಳು. ಮಸಿ ಹಿಡಿದ ಹಂಡೆಗೆ ಸೋಮಶೇಖರ್ ಕೈಮುಗಿದು ಬಂದರು.

ಮಧುಶ್ರೀ ಮಾತ್ರ ಅಂಗಳ ಬಿಟ್ಟು ಕದಲಲಿಲ್ಲ. ಸಣ್ಣ ಮೈಯ, ದೊಡ್ಡ ಕಣ್ಣಿನ ಹುಡುಗಿ. ರಾಜನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು.

"ಅಕ್ಕ, ಆ ಹೆಜ್ಜೆ ಯಾರ್ದು?"

ಮಾಲಿನಿ ರಾತ್ರಿಯೆಲ್ಲ ಕಲಿತಿಟ್ಟ ಉತ್ತರ ಒಂದಿತ್ತು. ನಿನಗೆ ಯಾರದು ಅನ್ನಿಸುತ್ತೋ ಅವರದೇ ಕಣಮ್ಮ ಎಂಬ ಉತ್ತರ. ಅಷ್ಟು ಹೇಳಿದ್ದರೆ ಎಲ್ಲವೂ ಸುಖವಾಗಿ ಮುಗಿಯುತ್ತಿತ್ತು. ಹುಡುಗಿ ನಿದ್ದೆಯನ್ನು ಗಂಟುಕಟ್ಟಿಕೊಂಡು ಕುಣಿಗಲ್ಲಿಗೆ ಹೋಗುತ್ತಿದ್ದಳು. ಆದರೆ ಮಾಲಿನಿಯ ಕಣ್ಣು ಗೋಡೆಯಾಚೆಗೆ ಹೋಯಿತು. ಬಾಗಿಲು ಹಾಕಿಯೇ ಇತ್ತು. ಆ ಒಂದು ಸುಳ್ಳಿಗೆ ಒಬ್ಬರ ಮನಸ್ಸು ಮುರಿದಾಗಿದೆ, ಇನ್ನೊಂದು ಸುಳ್ಳಿನ ಮೇಲೆ ಈ ಮಗುವನ್ನು ಎಷ್ಟು ದಿನ ಮಲಗಿಸಲಿ ಎನ್ನಿಸಿತು.

ಗೇಟು ತೆಗೆದು ಹೊರಗೆ ಹೋದಳು. ಪಕ್ಕದ ಮನೆಯ ಗೇಟನ್ನು ತಳ್ಳಿ ಒಳಗೆ ಹೋಗಿ ಬಾಗಿಲು ಬಡಿದಳು. ಹಜರಾ ಬೀ ತೆರೆದು ನಿಂತಾಗ, "ಮಡಿನೂ ಇಲ್ಲ, ಮಣ್ಣೂ ಇಲ್ಲ ಹಜರಮ್ಮ. ನಾನು ಸುಳ್ಳು ಹೇಳ್ದೆ. ತಪ್ಪಾಯ್ತು. ಬನ್ನಿ," ಎಂದು ಕೈ ಹಿಡಿದಳು. ಇನ್ನೊಂದು ಕೈಯಲ್ಲಿ ಇಟ್ಟಿಗೆ ತೆಗೆದು ಮಂಕರಿ ಎತ್ತಿದಳು.

ಬಿಳಿಯ ಕೋಳಿ ಯಾರ ಮುಖವನ್ನೂ ನೋಡಲಿಲ್ಲ. ಸೀದಾ ಗೋಡೆ ಹತ್ತಿ, ಮಾಲಿನಿಯ ಅಂಗಳಕ್ಕೆ ಧುಮುಕಿ, ಹಂಡೆರಾಯನ ಹೊಟ್ಟೆಯನ್ನು ಕುಕ್ಕತೊಡಗಿತು. ಆಮೇಲೆ ಹಿಟ್ಟು ಮೆತ್ತಿದ ಕಾಲಿನಲ್ಲಿ ಒದ್ದೆ ನೆಲದ ಮೇಲೆ ನಡೆಯಿತು. ಮೂರು ಬೆರಳು, ಮತ್ತೆ ಮೂರು ಬೆರಳು.

ಅಷ್ಟರಲ್ಲಿ ಮಾಲಿನಿ ಹಜರಾ ಬೀಯನ್ನು ಕರೆದುಕೊಂಡು ತನ್ನ ಅಂಗಳಕ್ಕೆ ಬಂದಿದ್ದಳು. ಸೋಮಶೇಖರ್ ವಿಭೂತಿ ಹಚ್ಚಿದ ಹಣೆಯ ಮೇಲೆ ಕೈ ಇಟ್ಟುಕೊಂಡರು. ಚನ್ನೇಶನ ಬಾಯಿಗೆ ಹೋಗುತ್ತಿದ್ದ ಹೋಳಿಗೆ ಅರ್ಧದಲ್ಲೇ ನಿಂತಿತು.

"ಇದೇ ಕಣಮ್ಮ," ಎಂದಳು ಮಾಲಿನಿ. "ನಾನು ಬರೆದಿದ್ದಲ್ಲ. ಅವತ್ತು ನಂಗೆ ಕೆಲಸ ಹೋಗಿತ್ತು, ಇಲ್ಲೇ ಕೂತು ಅಳ್ತಿದ್ದೆ. ಕೋಳಿ ತಪ್ಪಿಸ್ಕೊಂಡು ಬಂದು ಹಿಟ್ಟು ತಿಂದು ಹೋಗಿತ್ತು. ಅಷ್ಟೇ. ನಿಂಗೆ ಹೇಳಕ್ಕೆ ಹೆದ್ರಿಕೆ ಆಯ್ತು."

ಮಧುಶ್ರೀ ಮುಖ ಎತ್ತಲಿಲ್ಲ. ಕೋಳಿಯನ್ನೇ ನೋಡುತ್ತಿದ್ದಳು. ಮಾಲಿನಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು.

"ತಪ್ಪಿಸ್ಕೊಂಡು ಬಂತಾ?" ಎಂದಳು ಗೇಟಿನ ಹತ್ತಿರ ನಿಂತಿದ್ದ ಹಜರಾ ಬೀ. ಅವಳಿಗೆ ಈ ವಿಡಿಯೋ, ಈ ಹೆಜ್ಜೆ ಯಾವುದೂ ತಿಳಿಯದು. ಕೋಳಿಯ ಮೇಲೆ ಆಪಾದನೆ ಬಂದದ್ದಷ್ಟೇ ತಿಳಿದಿತ್ತು. "ನಮ್ ಕೋಳಿ ಹಂಗೆಲ್ಲ ತಪ್ಪಿಸ್ಕೊಳಲ್ಲ. ನೀನು ಫೋನ್ ಕಟ್ಟಿ ಬರಿಯೋ ಹೊತ್ನಲ್ಲಿ ನಾನು ಯಾವತ್ತಾದ್ರೂ ಬಿಟ್ಟಿದೀನಾ? ಅವತ್ತು ನಾನೇ ಬಿಟ್ಟಿದ್ದು."

"ನೀವೇನಾ? ಯಾಕೆ?"

"ನೀನು ಸೆರಗು ಬಾಯಿಗಿಟ್ಕೊಂಡು ಅಳ್ತಿದ್ದೆ. ಬಟ್ಟೆ ಒಣಗಾಕ್ತಾ ನೋಡ್ದೆ. ಬಂದು ಯಾಕ್ ಮಗಾ ಅಂತ ಕೇಳುದ್ರೆ ಏನಿಲ್ಲ ಅಂತಿದ್ದೆ, ನಿನ್ ಗುಣ ನಂಗೊತ್ತಿಲ್ವಾ? ಅದ್ಕೆ ಮಂಕರಿ ಎತ್ತಿ, ಹೋಗು ನೋಡ್ಕೊಂಡು ಬಾ ಅಂತ ಕೋಳಿ ಬಿಟ್ಟೆ. ಕೋಳಿ ಕರ್ಕೊಳೋ ನೆಪ ಇದ್ರೆ ಗೋಡೆ ತಾವ ನಿಂತ್ಕೋಬೋದಲ್ಲ."

ಮಾಲಿನಿ ಗೋಡೆಯ ಕಡೆಗೆ ನೋಡಿದಳು. "ನೀವು ಕಾಣ್ಲೇ ಇಲ್ವಲ್ಲ ಹಜರಮ್ಮ."

"ಕಾಣುದ್ರೆ ನೀನು ಇನ್ನೂ ಅಳ್ತಿದ್ದೆ. ಗೋಡೆ ಈ ಕಡೆ ಬಗ್ಗಿ ಕೂತಿದ್ದೆ. ನಿನ್ ಹಾರ್ಮೋನಿಯಂ ಪೆಟ್ಟಿಗೆ ಸದ್ದು ಕೇಳಿದ್ಮೇಲೆ ಎದ್ದು ಹೋದೆ."

ಮಧುಶ್ರೀ ಎದ್ದಳು. ಕಣ್ಣಲ್ಲಿ ನೀರು ಧಾರಾಕಾರ, ಬಾಯಲ್ಲಿ ಮಾತ್ರ ಕಿವಿಯಿಂದ ಕಿವಿಯವರೆಗೆ ನಗು. ಹಜರಾ ಬೀಯ ಎದುರಿಗೆ ಬಂದು ನಿಂತು, ಅವಳ ಎರಡೂ ಕೈಗಳನ್ನು ತೆಗೆದುಕೊಂಡು ತನ್ನ ಕೆನ್ನೆಗೆ ಒತ್ತಿಕೊಂಡಳು. ಯಾರ ಮಗಳೋ, ಯಾಕೆ ಹೀಗೆ ಮಾಡುತ್ತಾಳೋ, ಹಜರಾ ಬೀಗೆ ತಲೆಬುಡ ತಿಳಿಯಲಿಲ್ಲ. ಆದರೂ ಕೈ ಬಿಡಿಸಿಕೊಳ್ಳಲಿಲ್ಲ.

"ಅಕ್ಕ," ಎಂದು ಮಧುಶ್ರೀ ಹಿಂದಕ್ಕೆ ತಿರುಗಿದಳು. "ನಾನು ಹೇಳಿದ್ದು ಸರಿಯಾಗಿತ್ತು ಅಲ್ವಾ?"

"ಸರಿಯಾಗಿತ್ತು ಕಣೇ," ಎಂದಳು ಮಾಲಿನಿ. "ನಂಗೇ ಗೊತ್ತಿರ್ಲಿಲ್ಲ." ಅವಳೂ ಅಳುತ್ತಿದ್ದಳು, ಅವಳೂ ನಗುತ್ತಿದ್ದಳು, ಈ ಸಲ ಬಾಯಿಗೆ ಸೆರಗು ಒತ್ತಿಕೊಳ್ಳಲಿಲ್ಲ.