ಎರಡನೇ ಒಲೆ ಕಾಣದ ಕೊಕ್ಕೆ

"ಕಣ್ಣೇನು ತಿಕದಲ್ಲಿ ಇಟ್ಕೊಂಡಿದ್ಯೇನೇ, ಮುಂಡೇದೇ?"

ಮಾಲೀಕ ಎಸೆದ ಕೊಕ್ಕೆಯ ತುಂಡು ಮೇಜಿನ ಮೇಲೆ ಬಿದ್ದು, ಉರುಳಿ, ಮುಳ್ಳಕ್ಕನ ಹೊಟ್ಟೆಗೆ ತಗುಲಿ ನಿಂತಿತು. ಅವಳು ಮೊದಲು ಮಾಡಿದ್ದೆಂದರೆ ಪರೀಕ್ಷೆಯ ಮಿಷನ್ನಿನ ಮೂತಿಗೆ ಅಂಗೈ ಅಡ್ಡ ಹಿಡಿದದ್ದು. ತನಗೆ ಪೆಟ್ಟಾದರೆ ಆಗಲಿ, ಅದರ ತುದಿಯಲ್ಲಿರುವ ಸಾಸಿವೆಯಷ್ಟು ವಜ್ರಕ್ಕೆ ಏನೂ ಆಗಬಾರದು. ಅಷ್ಟು ವರ್ಷದ ಅಭ್ಯಾಸ.

"ಆ ಮುದುಕನ ಕಾಲು ಜಜ್ಜಿ ಹೋಯ್ತಲ್ಲ, ನಿಮ್ಮಪ್ಪ ಬಂದು ಜೋಡಿಸ್ತಾನೇನು? ಮಧ್ಯಾಹ್ನ ತಪಾಸಣೆ ಸಾಹೇಬ್ರು ಬರ್ತಾರೆ. ತಪ್ಪಾಯ್ತು ಅಂತ ಒಪ್ಕೊಂಡು ಬಿದ್ದಿರು. ಬಾಯಿ ಬಿಟ್ಟರೆ ಒಳಗೆ ಹಾಕಿಸ್ತೀನಿ."

ಗಂಡ ಸತ್ತವಳಿಗೆ ಮುಂಡೇದೇ ಎಂಬುದು ಬರೀ ಬೈಗುಳವಲ್ಲ. ಮಾಲೀಕನ ಬೆನ್ನ ಹಿಂದೆ ಅವಳ ಒಡಹುಟ್ಟಿದ ಅಣ್ಣ ನಿಂತಿದ್ದ. ಅವನೇ ಶೆಡ್ಡಿನ ಮೇಸ್ತ್ರಿ. ಮಾತು ಅವನ ಕಿವಿಗೂ ಬಿದ್ದಿತ್ತು. ಅವನು ಮಾತ್ರ ನೆಲ ನೋಡುತ್ತಿದ್ದ.

ಅದು ಉಕ್ಕಿಗೆ ಹದ ಕೊಡುವ ಶೆಡ್ಡು. ಕೊಕ್ಕೆ, ಪಿನ್ನು, ಸ್ಪ್ರಿಂಗ್ ಪಟ್ಟಿ, ಏನೇ ಬರಲಿ, ಮೊದಲ ಒಲೆಯಲ್ಲಿ ಕೆಂಪಗೆ ಕಾಯಿಸಿ ಎಣ್ಣೆ ತೊಟ್ಟಿಗೆ ಅದ್ದುತ್ತಾರೆ. ಅದ್ದಿದ ಉಕ್ಕು ಗಟ್ಟಿಯಾಗುತ್ತದೆ, ಜೊತೆಗೆ ಗಾಜಿನ ಲೋಟದಷ್ಟೇ ಪೆಡಸಾಗುತ್ತದೆ. ಎರಡನೇ ಒಲೆಯ ಸಣ್ಣ ಕಾವಿನಲ್ಲಿ ಗಂಟೆಗಟ್ಟಲೆ ಕೂತು ಎದ್ದರೆ ಮಾತ್ರ ಅದಕ್ಕೆ ಭಾರ ತಡೆಯುವ ಹದ ಬರುವುದು. ಹದ ಬಂದಿದೆಯೋ ಇಲ್ಲವೋ ಎಂದು ನೋಡುವ ಕೆಲಸ ಅವಳದು. ವಜ್ರದ ತುದಿ ಉಕ್ಕಿನೊಳಗೆ ಎಷ್ಟು ಇಳಿಯಿತೆಂಬುದನ್ನು ಮಿಷನ್ನಿನ ಮುಳ್ಳು ತೋರಿಸುತ್ತದೆ. ಕಡಿಮೆ ಇಳಿದಷ್ಟೂ ಅಂಕಿ ಮೇಲೇರುತ್ತದೆ. ಪಿನ್ನಿಗೊಂದು ಅಂಕಿ, ಪಟ್ಟಿಗೊಂದು, ಕೊಕ್ಕೆಗೊಂದು. ಕೊಕ್ಕೆಯದು ನಲವತ್ತರ ಆಸುಪಾಸಿನಲ್ಲಿರಬೇಕು. ಬೆಳಿಗ್ಗೆ ಬಂದವಳೇ ಅಳತೆ ಗೊತ್ತಿರುವ ಬಿಲ್ಲೆಯೊಂದನ್ನು ಒತ್ತಿ, ಮುಳ್ಳು ಸರಿಯಾಗಿದೆಯೆಂದು ಖಾತ್ರಿಯಾದ ಮೇಲೆಯೇ ಮಾಲಿಗೆ ಕೈ ಹಾಕುವಳು. ಸರಿ ಬಂದದ್ದಕ್ಕೆ ಹಸಿರು ಬಣ್ಣದ ಬೊಟ್ಟು. ದಿನವಿಡೀ ಮುಳ್ಳಿನ ಮುಂದೆ ಕೂರುವವಳು, ನಾಲಿಗೆಯೂ ಸ್ವಲ್ಪ ಹಾಗೆಯೇ, ಅಂತ ಶೆಡ್ಡಿನವರು ಇಟ್ಟ ಹೆಸರು ಮುಳ್ಳಕ್ಕ.

ಹೋದ ವಾರ ಕೊಕ್ಕೆಗಳು ಎಣ್ಣೆ ತೊಟ್ಟಿಯಿಂದ ನೇರವಾಗಿ ಅವಳ ಮೇಜಿಗೆ ಬಂದವು. ಒತ್ತಿದರೆ ಐವತ್ತೆಂಟು. ಇನ್ನೊಂದನ್ನು ಒತ್ತಿದರೂ ಅಷ್ಟೇ. ಅವಳು ಅಣ್ಣನನ್ನು ಕರೆದಳು.

"ಅಣ್ಣಾ, ಇವು ಎರಡನೇ ಒಲೆ ಮುಖಾನೇ ನೋಡಿಲ್ಲ."

"ಗೊತ್ತು ಪುಟ್ಟಿ. ಒಲೆ ಈಗ ಖಾಲಿ ಇಲ್ಲ. ಸಾಯಂಕಾಲದ ಪಾಳಿಯವರು ಹಾಕ್ತಾರೆ. ನೀನು ಬೊಟ್ಟು ಇಟ್ಬಿಡು, ಆಮೇಲೆ ನಿನ್ನನ್ನ ಹುಡುಕ್ಕೊಂಡು ಕೂರೋಕಾಗಲ್ಲ."

ಬೇರೆ ಯಾರಾದರೂ ಹೇಳಿದ್ದರೆ ಅವಳು ಬಣ್ಣದ ಡಬ್ಬಿಯನ್ನು ಅವರ ಮುಖಕ್ಕೇ ಎಸೆಯುತ್ತಿದ್ದಳು. ಹೇಳಿದವನು ಅಣ್ಣ. ಅಮ್ಮ ಸತ್ತಾಗ ತಲೆ ಬಾಚಿ ಜಡೆ ಹಾಕಿದವನು, ಗಂಡ ಸತ್ತಾಗ ಕೈ ಹಿಡಿದು ಈ ಶೆಡ್ಡಿಗೆ ಕರೆತಂದವನು. ಬೊಟ್ಟು ಇಟ್ಟಳು.

ಕೊಕ್ಕೆಗಳು ಎರಡನೇ ಒಲೆಗೆ ಹೋಗಲೇ ಇಲ್ಲ. ಅದರಲ್ಲೊಂದನ್ನು ಶೆಡ್ಡಿನಲ್ಲಿ ಭಾರ ಎತ್ತುವ ಚೈನ್ ಕಪ್ಪಿಗೇ ಸಿಕ್ಕಿಸಿದರು, ಹಳೆಯದು ಸವೆದಿತ್ತೆಂದು. ನಿನ್ನೆ ಅದು ಎರಡು ತುಂಡಾಗಿ, ಕೆಳಗೆ ಎಣ್ಣೆ ತೊಟ್ಟಿ ನೋಡಿಕೊಳ್ಳುತ್ತಿದ್ದ ಮುದುಕ ಎಣ್ಣೆತಾತನ ಮೊಣಕಾಲ ಮೇಲೆ ಕಬ್ಬಿಣದ ದಿಮ್ಮಿ ಬಿತ್ತು. ತಾತ ಕೂಗಲಿಲ್ಲ. "ಅಯ್ಯೋ, ಎಣ್ಣೆ ಚೆಲ್ಲಿತಲ್ಲೋ" ಎಂದ. ಆಮೇಲೆ ಎಚ್ಚರ ತಪ್ಪಿತು.

ಮಾಲೀಕ ಹೋದ ಮೇಲೆ ಅಣ್ಣ ಮೇಜಿನ ಹತ್ತಿರ ಬಂದ. ಸ್ಟೂಲು ಎಳೆದುಕೊಂಡು ಕೂತ.

"ನೋಡು ಪುಟ್ಟಿ, ಒತ್ತಿ ನೋಡದೇನೇ ಬೊಟ್ಟು ಇಟ್ಟೆ ಅಂತ ಹೇಳ್ಬಿಡು. ಆಯಾಸ ಆಗಿತ್ತು, ಕಣ್ಣು ಮಂಜಾಗಿತ್ತು, ಏನಾದರೂ ಒಂದು. ಕೆಲಸದಿಂದ ತೆಗೀತಾರೆ, ತೆಗೀಲಿ. ನಿನ್ನ ಹೊಟ್ಟೆಗೆ ನಾನಿಲ್ವಾ?"

"ಒತ್ತಿದೀನಿ ಅಣ್ಣ. ಐವತ್ತೆಂಟು ಅಂತ ನಿನಗೇ ಹೇಳಿದೀನಿ."

"ಹೇಳಿದೆ. ಯಾರು ಇಲ್ಲ ಅಂದ್ರು? ಈಗ ಅದನ್ನ ನುಂಗ್ಕೋ ಅಂತಿದೀನಿ."

"ತಾತನ ಮನೆಯವರು ನನ್ನ ಮುಖಕ್ಕೆ ಉಗೀತಾರೆ."

"ಉಗುಳಿದ್ರೆ ಒರೆಸ್ಕೋ. ಮಿಕ್ಕ ಕೊಕ್ಕೆ ಸಾಯಂಕಾಲ ಲಾರಿ ಹತ್ತಬೇಕು. ಹತ್ತಿಲ್ಲ ಅಂದ್ರೆ ನನ್ನ ಕುತ್ತಿಗೆಗೆ ಬರುತ್ತೆ."

ಅವಳು ಮುರಿದ ತುಂಡನ್ನು ಎತ್ತಿ ಬೆಳಕಿಗೆ ಹಿಡಿದಳು. ತಾನು ಒತ್ತಿದ ಕಡೆ ವಜ್ರದ ಸಣ್ಣ ಗುಳಿಗಳಿರಬೇಕಿತ್ತು. ಸಾಹೇಬರಿಗೆ ತೋರಿಸಲು ಅಷ್ಟು ಸಾಕಿತ್ತು. ಗುಳಿಗಳಿರಲಿಲ್ಲ. ಆ ಜಾಗವನ್ನು ಸಾಣೆಕಲ್ಲಿಗೆ ಕೊಟ್ಟು ನುಣ್ಣಗೆ ಉಜ್ಜಿದ್ದರು, ಗೀರುಗಳೆಲ್ಲ ಎಡಕ್ಕೆ ಓರೆಯಾಗಿದ್ದವು. ಬಲಗೈ ಒಲೆಯಲ್ಲಿ ಸುಟ್ಟ ಮೇಲೆ ಎಡಗೈಯಲ್ಲಿ ಉಜ್ಜುವವನು ಇಡೀ ಶೆಡ್ಡಿನಲ್ಲಿ ಒಬ್ಬನೇ, ಅಣ್ಣ. ಅವಳಿಗೂ ಉಜ್ಜುವುದನ್ನು ಹೇಳಿಕೊಟ್ಟವನು ಅವನೇ.

ತಲೆಯೆತ್ತಿ ನೋಡಿದರೆ, ಅಣ್ಣ ಮಾತಾಡುತ್ತಾ ಮಾತಾಡುತ್ತಾ ಮಿಷನ್ನಿನ ವಜ್ರದ ತುದಿಯನ್ನು ತಿರುಗಿಸಿ ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದ.

"ಮಿಷನ್ ಕೆಟ್ಟಿದೆ ಅನ್ನು," ಎಂದು ಎದ್ದು ಹೋದ.

ಅವಳಿಗೆ ಅಳು ಬಂತು. ಅತ್ತಳು ಕೂಡ, ಎಣ್ಣೆ ಒರೆಸುವ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು. ಮಾಲೀಕ ಕತ್ತು ಕೊಯ್ಯುತ್ತಾನೆಂದು ಮೊದಲಿನಿಂದ ಗೊತ್ತಿತ್ತು, ಅದಕ್ಕೆ ಯಾರು ಅಳುತ್ತಾರೆ? ಚಾಕು ಹಿಡಿದದ್ದು ಜಡೆ ಹಾಕಿದ ಕೈ ಎಂಬುದನ್ನು ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

ಮಧ್ಯಾಹ್ನ ತಪಾಸಣೆ ಸಾಹೇಬರು ಬಂದರು. ಫ್ಯಾನಿನ ಕೆಳಗೆ ಕುರ್ಚಿ ಹಾಕಿಸಿಕೊಂಡು, ತಂಪು ಸೋಡಾ ಕುಡಿದು, ಬಿಸಿಲನ್ನು ಬೈದು, ಆಮೇಲೆ ಕೆಲಸಕ್ಕೆ ಇಳಿದರು.

"ಇದು ಪರೀಕ್ಷೆ ಆಗಿಲ್ಲ, ಸಾರ್," ಎಂದ ಅಣ್ಣ, ಮುರಿದ ಕೊಕ್ಕೆ ತೋರಿಸುತ್ತ. "ಒತ್ತಿದ ಗುರುತೇ ಇಲ್ಲ ನೋಡಿ. ಇದೊಂದು ಹೇಗೋ ಒಲೆಗೆ ಹೋಗದೆ ತಪ್ಪಿಸ್ಕೊಂಡಿದೆ. ಮಿಕ್ಕದ್ದೆಲ್ಲ ಸರಿಯಾಗಿದೆ. ಇವಳು ನನ್ನ ತಂಗಿ ಸಾರ್, ತಂಗಿ ಅಂತ ನಾನು ಮುಚ್ಚಿಡಲ್ಲ."

"ಭೇಷ್," ಎಂದರು ಸಾಹೇಬರು. "ಒಡಹುಟ್ಟಿದವರಾದರೂ ನಿಜ ಹೇಳೋರು ಈಗೆಲ್ಲಿ ಸಿಗ್ತಾರೆ. ಏನಮ್ಮಾ, ಒಪ್ಕೋತೀಯಾ?"

"ಮಿಕ್ಕದ್ದನ್ನ ಒತ್ತಿ ನೋಡಿ ಸ್ವಾಮಿ."

"ಮಿಷನ್ ಕೆಟ್ಟಿದೆಯಂತಲ್ಲ."

ಅವಳು ಅಣ್ಣನ ಜೇಬನ್ನು ನೋಡಿದಳು. ಅಣ್ಣನ ಕೈ ತಾನಾಗಿ ಅಲ್ಲಿಗೆ ಹೋಯಿತು. ಕಳ್ಳನನ್ನು ಹಿಡಿದುಕೊಡಲು ಅಷ್ಟು ಸಾಕಿತ್ತು, ಆದರೆ ಸಾಹೇಬರಿಗೆ ನೋಡುವ ಮನಸ್ಸಿರಲಿಲ್ಲ.

"ಸರಿ, ಮಿಷನ್ ಬೇಡ," ಎಂದಳು. ಲಾರಿಗೆಂದು ಕಟ್ಟಿಟ್ಟ ರಾಶಿಯಿಂದ ಹಸಿರು ಬೊಟ್ಟಿನ ಕೊಕ್ಕೆಯೊಂದನ್ನು ಎಳೆದು ಒಲೆಯವನಿಗೆ ಕೊಟ್ಟಳು. "ಕಪ್ಪಿಗೆ ಸಿಕ್ಕಿಸಪ್ಪ. ನಿನ್ನೆ ಬಿತ್ತಲ್ಲ, ಅದೇ ದಿಮ್ಮಿ ಕಟ್ಟು."

ಒಲೆಯವನು ಮಾಲೀಕನನ್ನು ಒಮ್ಮೆ ನೋಡಿದ. ತೊಟ್ಟಿಯ ಪಕ್ಕದ ನೆಲವನ್ನೂ ನೋಡಿದ. ಅಲ್ಲಿ ಎಣ್ಣೆಯ ಮೇಲೆ ಹಾಕಿದ ಬೂದಿ ಇನ್ನೂ ಒದ್ದೆಯಾಗಿತ್ತು. ಅವನು ಕೊಕ್ಕೆ ಸಿಕ್ಕಿಸಿದ. ಮತ್ತಿಬ್ಬರು ಬಂದು ದಿಮ್ಮಿಗೆ ಸರಪಳಿ ಸುತ್ತಿದರು.

ಮುಳ್ಳಕ್ಕ ಕಪ್ಪಿಯ ಸರಪಳಿಯನ್ನು ಎರಡೂ ಕೈಯಲ್ಲಿ ಎಳೆದಳು. ದಿಮ್ಮಿ ನೆಲ ಬಿಟ್ಟು, ಸೊಂಟ ದಾಟಿ, ತಲೆಯ ಮೇಲಕ್ಕೆ ಹೋಗಿ ನಿಂತಿತು.

"ಸರಿಯಾಗಿದೆ ಅಂದ್ರಲ್ಲ ಸ್ವಾಮಿ. ಯಾರಾದರೂ ಒಬ್ಬರು ಬಂದು ಇದರ ಕೆಳಗೆ ನಿಂತ್ಕೊಳ್ಳಿ. ನಾನು ತಪ್ಪು ಒಪ್ಕೊಂಡು ಜೈಲಿಗೆ ಹೋಗ್ತೀನಿ."

ಸಾಹೇಬರು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. "ಏನ್ರೀ ಇದು ನಾಟಕ," ಎಂದರು ಮಾಲೀಕನಿಗೆ. ಕೆಲಸ ಬಿಟ್ಟು ಬಂದವರೆಲ್ಲ ಸುತ್ತ ನಿಂತಿದ್ದರು. ಅಷ್ಟು ಜನರ ಮುಂದೆ ಮಾಲು ಸರಿಯಿಲ್ಲವೆಂದು ಒಪ್ಪಿಕೊಳ್ಳುವುದು ಮಾಲೀಕನಿಂದಾಗದ ಕೆಲಸ.

"ನಮ್ಮ ಮಾಲಿನ ಮೇಲೆ ನಮಗೆ ನಂಬಿಕೆ ಇದೆ," ಎಂದ. ಅಣ್ಣನ ಕಡೆ ತಿರುಗಿದ. "ಹೋಗೋ, ನಿಂತ್ಕೋ."

"ಧಣಿ..."

"ನಿಂತ್ಕೊಳೋ ಬೋಳಿಮಗನೇ. ನೀನೇ ತಾನೇ ಸರಿಯಾಗಿದೆ ಅಂದಿದ್ದು?"

ಅಣ್ಣ ಹೋದ. ನಡೆಯಲು ಆಗತಾನೇ ಕಲಿತವರ ಹಾಗೆ ಹೆಜ್ಜೆಯಿಟ್ಟು ದಿಮ್ಮಿಯ ನೆರಳಿನೊಳಗೆ ನಿಂತ. ಸುಟ್ಟ ಬಲಗೈ ಜೇಬಿನ ಮೇಲಿತ್ತು. ಅವನ ಕಣ್ಣು ಮೇಲೆ ಹೋಗಲಿಲ್ಲ.

ತನ್ನ ಮಾತಿಗೆ ಮಾಲೀಕ ತಾನೇ ಬಂದು ಕೆಳಗೆ ನಿಲ್ಲುತ್ತಾನೆ, ಇಲ್ಲ ಸೋಲೊಪ್ಪುತ್ತಾನೆ ಎಂದು ಲೆಕ್ಕ ಹಾಕಿದ್ದಳು ಮುಳ್ಳಕ್ಕ. ಇದನ್ನು ಎಣಿಸಿರಲಿಲ್ಲ. ಮೇಲೆ ಕೊಕ್ಕೆ ಟಿಕ್ ಎಂದಿತು. ಸಣ್ಣ ಸದ್ದು, ಅಲ್ಲಿದ್ದವರಿಗೆಲ್ಲ ಕೇಳಿಸಿತು.

"ಅಣ್ಣಾ," ಎಂದಳು. "ಈಚೆ ಬಾ."

ಅವನು ಅಲುಗಲಿಲ್ಲ.

"ನಿನಗೆ ಕೈ ಮುಗೀತೀನಿ, ಈಚೆ ಬಾರೋ ಅಣ್ಣಾ."

ಅಣ್ಣ ಕತ್ತು ಹೊರಳಿಸಿದ, ತಂಗಿಯ ಕಡೆಗಲ್ಲ. ಬರಲೋ ಬೇಡವೋ ಎಂದು ಮಾಲೀಕನ ಮುಖ ನೋಡುತ್ತ ನಿಂತ.