ಇನ್ನೊಬ್ಬನ ಕಾರ್ಡು

ಬೆಳಿಗ್ಗೆ ಏಳಕ್ಕೆ ಬಾಳಪ್ಪ ಹಾಜರಿ ಯಂತ್ರಕ್ಕೆ ಎರಡು ಕಾರ್ಡು ತೋರಿಸಿದ. ಒಂದು ಅವನದು, ಇನ್ನೊಂದು ಕಾರ್ಕಳದ ಲತೇಶನದು. ಲತೇಶನಿಗೆ ಹಲ್ಲುನೋವು, ಕ್ಲಿನಿಕ್ಕಿಗೆ ಹೋಗಿ ಹತ್ತಕ್ಕೆ ಬರುವವನಿದ್ದ. ಕೊಲ್ಲಿ ದೇಶದ ಅಲ್ ಕುಸೈಸಿನ ಆ ಗೋದಾಮಿನಲ್ಲಿ ಇದೇನು ಹೊಸದಲ್ಲ. ತಡವಾಗಿ ಬರುವವನ ಕಾರ್ಡು ನಮ್ಮ ಕಡೆಯವನೊಬ್ಬನ ಜೇಬಿನಲ್ಲಿರುತ್ತದೆ. ಇವತ್ತು ನಾನು, ನಾಳೆ ನೀನು. ಸಿಕ್ಕಿಬಿದ್ದರೆ ಇಬ್ಬರ ಕೆಲಸವೂ ಅವತ್ತೇ ಖಲಾಸ್ ಎಂದು ಗೋಡೆಯ ಮೇಲೆ ನಾಲ್ಕು ಭಾಷೆಯಲ್ಲಿ ಬರೆದಿತ್ತು. ಗೋಡೆ ಓದುವ ಪುರುಸೊತ್ತು ಯಾರಿಗಿದೆ?

ತಮಾಷೆಯೆಂದರೆ, ಬೆಂಕಿ ಬಿದ್ದಾಗ ತಲೆ ಎಣಿಸುವ ಹೊಣೆಯೂ ಬಾಳಪ್ಪನದೇ. ಎರಡು ದಿನದ ತರಬೇತಿ ಮುಗಿಸಿ ಹಳದಿ ಮೇಲಂಗಿ, ಸೀಟಿ ಸಂಪಾದಿಸಿದ್ದ. ಆ ಅಂಗಿಯ ಫೋಟೋ ವಿಜಯಪುರದಲ್ಲಿ ಹೆಂಡತಿ ರುದ್ರವ್ವನ ಮೊಬೈಲಿನಲ್ಲಿತ್ತು. ಒಂಬತ್ತು ವರ್ಷ ಫೋನಿನಲ್ಲೇ ಸಂಸಾರ ಮಾಡಿದ ಮೇಲೆ ಅವಳಿಗೂ ಮಗಳು ಶಿವಾನಿಗೂ ಫ್ಯಾಮಿಲಿ ವೀಸಾ ಆಗಿತ್ತು. ಬರುವ ಶುಕ್ರವಾರ ವಿಮಾನ. ಆ ವೀಸಾ ನಿಂತಿದ್ದುದು ಬಾಳಪ್ಪನ ಕೆಲಸದ ಮೇಲೆ.

ಒಂಬತ್ತೂವರೆಗೆ ಸುಟ್ಟ ರಬ್ಬರಿನ ವಾಸನೆ ಬಂತು. ಫೋರ್ಕ್‌ಲಿಫ್ಟ್ ಚಾರ್ಜಿಗೆ ಹಾಕುವ ಮೂಲೆಯಿಂದ ಕಪ್ಪು ಹೊಗೆ ಛಾವಣಿಗೆ ಏರಿ, ಸದ್ದಿಲ್ಲದೆ ಅತ್ತರಿನ ಪೆಟ್ಟಿಗೆಗಳ ಕಡೆ ಹರಿಯುತ್ತಿತ್ತು. ಬಾಳಪ್ಪ ಅಲಾರಂ ಗಾಜು ಒಡೆದ. ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಓಡಿಬಂದ ಜೊತೆಗಾರ ಜಮೀಲನ ರಟ್ಟೆ ಹಿಡಿದು ತಿರುಗಿಸಿದ.

"ಅದು ನಮ್ಮ ಕೈ ಮೀರೇತಿ. ಬಗ್ಗಿಕೊಂಡು ಹೊರಗ ನಡಿ."

ಎಲ್ಲರೂ ಹೊರಬಿದ್ದ ಮೇಲೆ ಬಾಗಿಲೆಳೆದುಕೊಂಡ. ಗೇಟಿನಾಚೆಯ ಬೇವಿನ ಮರದಡಿ ಎಣಿಸಿದರೆ ಮೂವತ್ತು ಜನ. ಮ್ಯಾನೇಜರ್ ಸೆಡ್ರಿಕ್‌ನ ಫೋನಿನಲ್ಲಿದ್ದ ಹಾಜರಿ ಪಟ್ಟಿಯಲ್ಲಿ ಮೂವತ್ತೊಂದು.

"ಲತೇಶ ಎಲ್ಲಿ ಮಾರಾಯ? ಪ್ಯಾಕಿಂಗ್ ಹಾಲಿನವ ಅಲ್ವಾ? ಒಳಗೇ ಇದ್ದಾನಾ ಅವ?" ಎಂದ ಸೆಡ್ರಿಕ್.

ಅಷ್ಟರಲ್ಲಿ ಅಗ್ನಿಶಾಮಕದವರು ಬಂದಿದ್ದರು. ಅವರ ಅಧಿಕಾರಿ ಝಿಯಾದ್‌ಗೆ ಹಿಂದಿ ಬರುತ್ತಿತ್ತು. ಪ್ಯಾಕಿಂಗ್ ಹಾಲ್ ಎಲ್ಲಕ್ಕಿಂತ ಹಿಂದೆ, ಅತ್ತರಿನ ಪೆಟ್ಟಿಗೆಗಳಾಚೆ. ಇಬ್ಬರು ಮುಖವಾಡ ಬಿಗಿದುಕೊಳ್ಳತೊಡಗಿದರು.

ಬಾಳಪ್ಪ ಗಡಿಯಾರ ನೋಡಿದ. ಹತ್ತಾಗಲು ಇನ್ನು ಕಾಲು ಗಂಟೆ. ಲತೇಶ ಇದೇ ಗೇಟಿಗೆ ಬಂದಿಳಿದರೆ ಎಲ್ಲ ತಾನಾಗಿ ಸರಿಹೋಗುತ್ತದೆ, ಕಾಲು ಗಂಟೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಶುಕ್ರವಾರ ಹೆಂಡತಿ ಮಗಳು ಬಂದಿಳಿಯುತ್ತಾರೆ ಎಂದು ಲೆಕ್ಕ ಹಾಕಿದ. ಆ ಲೆಕ್ಕಕ್ಕೆ ಅವನಿಗೇ ಹೇಸಿಗೆಯಾಯಿತು. ಇಬ್ಬರು ಮನುಷ್ಯರು ಯಾರೂ ಇಲ್ಲದ ಜಾಗಕ್ಕೆ, ಆ ಹೊಗೆಯೊಳಗೆ ಹೊರಟಿದ್ದರು. ಅವರ ದಾರಿಯನ್ನೂ ಯಾರೋ ಕಾಯುತ್ತಿರಬೇಕು.

"ಸರ, ಅವ ಪ್ಯಾಕಿಂಗ್‌ದಾಗ ಇಲ್ಲರಿ. ಕೆಲಸಕ್ಕ ಬಂದೇ ಇಲ್ಲ. ಅವನ ಕಾರ್ಡ್ ನಾನು ಹೊಡದೀನಿ."

ಬಾಳಪ್ಪ ಅದನ್ನೇ ಝಿಯಾದ್‌ಗೆ ಹಿಂದಿಯಲ್ಲೂ ಹೇಳಿದ. ಝಿಯಾದ್ ಕೈಯೆತ್ತಿ ತನ್ನವರನ್ನು ತಡೆದ. "ಅವನು ಹೊರಗಿರುವುದನ್ನು ನೀನು ಕಣ್ಣಾರೆ ನೋಡಿದ್ದೀಯಾ?"

"ಇಲ್ಲ."

"ಹಾಗಾದರೆ ಫೋನ್ ಮಾಡು. ಯಲ್ಲಾ, ಬೇಗ."

ಎರಡು ಸಲ ಬರೀ ರಿಂಗಾಯಿತು. ಮೂರನೆಯ ಸಲ ಕೆಮ್ಮು ಕೇಳಿಸಿತು.

"ಬಾಳಪ್ಪಣ್ಣ, ನಾನು ಒಳಗಿದ್ದೇನೆ. ಕ್ಲಿನಿಕ್ಕಿನಲ್ಲಿ ಬೇಗ ಮುಗಿಯಿತು, ಹಿಂದಿನ ಶಟರಿಂದ ಬಂದೆ. ಅಲಾರಂ ಆದಾಗ ಬರೇ ಪ್ರಾಕ್ಟೀಸಿನ ಡ್ರಿಲ್ ಅಂತ ಗ್ರಹಿಸಿದೆ. ಮನೆಯ ಅಂಗಿಯಲ್ಲಿ ಹೊರಗೆ ಬಂದ್ರೆ ತಡ ಆಗಿ ಬಂದದ್ದು ಸರ್‌ಗೆ ಗೊತ್ತಾಗ್ತದಲ್ಲ, ಅದಕ್ಕೆ ಬಟ್ಟೆ ಬದಲಾಯಿಸುವ ರೂಮಲ್ಲೇ ಕೂತೆ. ಈಗ ಬಾಗಿಲು ಮುಟ್ಲಿಕ್ಕೆ ಆಗುದಿಲ್ಲ, ಸುಡ್ತದೆ."

ಬಾಳಪ್ಪ ಝಿಯಾದ್‌ನತ್ತ ತಿರುಗಿ, ಲತೇಶ ಬಟ್ಟೆ ಬದಲಾಯಿಸುವ ಕೋಣೆಯಲ್ಲಿದ್ದಾನೆ ಎಂದು ಕೂಗಿದ. ಅವನು ಒಳಗಿಲ್ಲ ಎಂದು ಈಗಷ್ಟೇ ತನ್ನ ಬಾಯಿಂದಲೇ ಹೇಳಿದ್ದ.

"ಬಾಗಿಲಾ ತೆಗೀಬ್ಯಾಡ ತಮ್ಮಾ. ನಳದಾಗ ಅಂಗಿ ತೊಯ್ಸಿ ಬಾಗಿಲ ಸಂದಿಗೆ ತುರುಕು. ನೆಲಕ್ಕ ಮಲಗು. ಫೋನ್ ಇಡಬ್ಯಾಡ."

ಬಟ್ಟೆ ಬದಲಾಯಿಸುವ ಕೋಣೆ ಪ್ಯಾಕಿಂಗ್ ಹಾಲಿನ ಪೂರಾ ವಿರುದ್ಧ ದಿಕ್ಕಿನಲ್ಲಿತ್ತು. ಝಿಯಾದ್ ಕೈ ತೋರಿಸಿದ ಕಡೆ ಆ ಇಬ್ಬರೂ ಹೊರಳಿ, ಹೊಗೆಯಲ್ಲಿ ಕಾಣದಾದರು. ಸ್ವಲ್ಪ ಹೊತ್ತಿಗೆ ಪ್ಯಾಕಿಂಗ್ ಹಾಲಿನ ಮೇಲಿನ ತಗಡು ದಡದಡನೆ ಕುಸಿಯಿತು. ಫೋನಿನಲ್ಲಿ ಕೆಮ್ಮು ಕಡಿಮೆಯಾಗುತ್ತಾ ಬಂದು ನಿಂತೇಹೋಯಿತು. ಬಾಳಪ್ಪ ಮಾತ್ರ "ತಮ್ಮಾ, ಬಂದ್ರು ನೋಡು, ಬಂದ್ರು" ಎನ್ನುತ್ತಲೇ ಇದ್ದ.

ಲತೇಶನನ್ನು ಹೊತ್ತು ತಂದರು. ಮುಖವೆಲ್ಲ ಮಸಿ, ಆದರೆ ಎದೆ ಏರಿಳಿಯುತ್ತಿತ್ತು. ಆಂಬುಲೆನ್ಸಿನ ಬಾಗಿಲು ಮುಚ್ಚುವ ಮುಂಚೆ ಬಾಳಪ್ಪ ಮತ್ತೊಮ್ಮೆ ಎಲ್ಲರನ್ನೂ ಎಣಿಸಿದ.

"ಮೂವತ್ತೊಂದು," ಎಂದು ಗಟ್ಟಿಯಾಗಿ ಹೇಳಿದ.

ಸೆಡ್ರಿಕ್ ಕೈ ಚಾಚಿದ. "ನನಗೆ ಬೇರೆ ದಾರಿ ಇಲ್ಲ ಬಾಳಪ್ಪ." ಬಾಳಪ್ಪ ಎರಡೂ ಕಾರ್ಡುಗಳನ್ನು ಅವನ ಕೈಗಿಟ್ಟು, ಹಳದಿ ಅಂಗಿ ಬಿಚ್ಚಿದ. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ರುದ್ರವ್ವ.

"ಏನ್ರೀ, ಶೇಂಗಾ ಚಟ್ನಿ ಎರಡು ಕಿಲೋ ಸಾಕೇನು? ಪೆಟ್ಟಿಗಿ ಮುಚ್ಚಾಕತ್ತೀನಿ."

ಬಾಳಪ್ಪ ಮರಕ್ಕೆ ಒರಗಿ ನಿಂತ.

"ತಡಿ ರುದ್ರವ್ವಾ," ಎಂದ. "ಪೆಟ್ಟಿಗಿ ಈಗ ಮುಚ್ಚಬ್ಯಾಡ."